ರಫೀಕನೂ ಬಂಟನೂ

ಕುವೈತಿಗೆ ಬಂದಿಳಿದ ಕನ್ನಡಿಗರ ಕಿವಿಗೆ ಮೊದಲ ವಾರದಲ್ಲೇ ಬೀಳುವ ಅರಬ್ಬೀ ಮಾತುಗಳು ಬೆರಳೆಣಿಕೆಯಷ್ಟು. ‘ಯಲ್ಲಾ’, ‘ಖಲಾಸ್’, ‘ಮಾಫಿ’, ‘ಬುಕ್ರಾ’ – ಇವುಗಳ ಸಾಲಿನಲ್ಲಿಯೇ ಬಂದು ನಿಲ್ಲುವ ಇನ್ನೊಂದು ಮಾತು ‘ರಫೀಕ್’. ಫಹಾಹೀಲಿನ ಮಾರುಕಟ್ಟೆಯಲ್ಲಿ ತಳ್ಳುಗಾಡಿಯವನನ್ನು ಕರೆಯಲು ರಫೀಕ್; ಪೆಟ್ರೋಲ್ ಬಂಕಿನಲ್ಲಿ ಕೊಳವೆ ಹಿಡಿದು ನಿಂತವನಿಗೆ ರಫೀಕ್; ನಮ್ಮ ಎಗೈಲಾದ ಹೋಟೆಲು ಸಾಲಿನ ಮುಂದೆ ಕಾರಿನೊಳಗೇ ಕುಳಿತು, ಹಾರನ್ ಬಾರಿಸಿ ಚಹಾ ತರಿಸಿಕೊಳ್ಳುವವರ ಬಾಯಲ್ಲಿಯೂ ರಫೀಕ್. ಕರೆಸಿಕೊಂಡವನು ಢಾಕಾದವನಿರಬಹುದು, ನೇಪಾಳದವನಿರಬಹುದು, ಕೊಲ್ಲಂನವನಿರಬಹುದು, ನಮ್ಮ ಕುಂದಾಪುರದವನೇ ಇರಬಹುದು. ಹೆಸರು ಒಂದೇ.

ನಿಘಂಟು ತೆರೆದು ನೋಡಿದರೆ ರಫೀಕ್ ಎಂಬ ಶಬ್ದಕ್ಕೆ ಜೊತೆಗಾರ, ಒಡನಾಡಿ, ಸಹಪ್ರಯಾಣಿಕ, ಮಿತ್ರ ಎಂದೆಲ್ಲ ಅರ್ಥ ಕೊಟ್ಟಿರುತ್ತಾರೆ. ಹಾಗಾದರೆ ಹಾಗೆ ಕರೆಯುವವರು ನಮ್ಮನ್ನು ಮನ್ನಿಸುತ್ತಿದ್ದಾರೆಯೆ, ಹೀಗಳೆಯುತ್ತಿದ್ದಾರೆಯೆ? ಈ ಪ್ರಶ್ನೆ ನಮ್ಮ ಕೂಟಗಳಲ್ಲಿ ಊಟದೆಲೆಯ ಮುಂದೆ ಎಷ್ಟೋ ಸಲ ಬಂದಿದೆ. ಪಾಯಸ ಬಡಿಸುವ ಹೊತ್ತಿಗೆ ಉತ್ತರ ಸಿಗದೆ ಹಾಗೆಯೇ ಉಳಿದೂ ಇದೆ. ನಾವು ವೃತ್ತಿಯಿಂದ ರಸಾಯನಶಾಸ್ತ್ರದವರು, ಭಾಷಾಪಂಡಿತರಲ್ಲ. ಆದರೂ ಒಂದು ವಸ್ತುವಿನ ಗುಣ ತಿಳಿಯಬೇಕಾದರೆ ಅದನ್ನು ಬಿಡಿಸಿ ನೋಡಬೇಕೆಂಬ ಅಭ್ಯಾಸ ನಮಗುಂಟು. ಆ ಅಭ್ಯಾಸವನ್ನೇ ಈ ಶಬ್ದದ ಮೇಲೆ ಪ್ರಯೋಗಿಸಿ ನೋಡೋಣ.

ಅರಬ್ಬೀ ಭಾಷೆಯ ಬಹುಪಾಲು ಶಬ್ದಗಳು ಮೂರು ವ್ಯಂಜನಗಳ ಒಂದು ಬೇರಿನಿಂದ ಚಿಗುರುತ್ತವೆ. ಸಂಸ್ಕೃತದ ಧಾತುವಿನಂತೆ ಎನ್ನೋಣ. ರಫೀಕ್ ಎಂಬುದರ ಬೇರು ರ-ಫ-ಕ. ಕೊನೆಯ ಕಕಾರವನ್ನು ಮಾತ್ರ ಗಂಟಲಿನ ಆಳದಿಂದ ಎತ್ತಿ ಉಚ್ಚರಿಸಬೇಕು. ಈ ಬೇರಿನಿಂದ ಹುಟ್ಟಿದ ‘ರಿಫ್ಕ್’ ಎಂದರೆ ಮೃದುತ್ವ, ನಯ, ಒರಟಿಲ್ಲದ ನಡವಳಿಕೆ. ‘ಮಿರ್ಫಕ್’ ಎಂದರೆ ಮೊಣಕೈ. ನಮಾಜಿಗೆ ಮೊದಲು ಮೊಣಕೈವರೆಗೆ ಕೈ ತೊಳೆಯಬೇಕೆಂದು ಕುರಾನಿನಲ್ಲಿ ಹೇಳಿರುವಲ್ಲಿ ಬರುವುದು ಇದರ ಬಹುವಚನವಾದ ‘ಮರಾಫಿಕ್’. ‘ರಿಫ್ಕಾ’ ಎಂದರೆ ಕೂಡಿ ಪ್ರಯಾಣ ಹೊರಟವರ ತಂಡ. ಈಚಿನ ಕಾಲದಲ್ಲಿ ಅದೇ ‘ಮರಾಫಿಕ್’ ಎಂಬ ರೂಪ ನೀರು, ವಿದ್ಯುತ್ತು ಮೊದಲಾದ ಸಾರ್ವಜನಿಕ ಸೌಕರ್ಯಗಳಿಗೂ ನಿಂತಿದೆ. ಕಚೇರಿಯಲ್ಲಿ ಕೆಲಸ ಮಾಡುವವರು ಅರಬ್ಬೀ ಪತ್ರಗಳ ಕೊನೆಯಲ್ಲಿ ‘ಮುರ್ಫಕಾತ್’ ಎಂಬ ಶಬ್ದ ನೋಡಿರುತ್ತೀರಿ. ಅದರರ್ಥ ಲಗತ್ತುಗಳು, ಪತ್ರದ ಜೊತೆಗೆ ಕಳಿಸಿದ ಕಾಗದಗಳು.

ಇವನ್ನೆಲ್ಲ ಒಂದೆಡೆ ಇಟ್ಟು ನೋಡಿದರೆ ಶಬ್ದದ ತಿರುಳು ಕಾಣಿಸುತ್ತದೆ. ಮೊಣಕೈ ನಮ್ಮೂರಿನ ಬಸ್ಸಿನಲ್ಲಿ ತಿವಿಯಲು ಒದಗುವ ಅಂಗ. ಅರಬರ ಮಜ್ಲಿಸಿನಲ್ಲಿ ಅದು ದಿಂಬಿಗೆ ಊರಿ ಒರಗಲು ಒದಗುವ ಅಂಗ. ಒರಗಿದರೆ ಭಾರ ತಾಳುವವನು, ನಯವಾಗಿ ನಡೆದುಕೊಳ್ಳುವವನು, ಲಗತ್ತಿನಂತೆ ಬಿಡದೆ ಜೊತೆಗೆ ಬರುವವನು – ಅವನೇ ರಫೀಕ್. ನಮ್ಮ ‘ಸ್ನೇಹ’ ಶಬ್ದದ ಮೂಲಾರ್ಥ ಜಿಡ್ಡು, ಎಣ್ಣೆ. ಆಯುರ್ವೇದದಲ್ಲಿ ಸ್ನೇಹವೆಂದರೆ ಇಂದಿಗೂ ತುಪ್ಪ, ಎಣ್ಣೆಗಳೇ. ಆ ಲೆಕ್ಕದಲ್ಲಿ ಈ ನಾಡನ್ನು ಸ್ನೇಹಸಾಗರವೆನ್ನಬೇಕು! ನಮ್ಮವರು ಗೆಳೆತನದಲ್ಲಿ ಅಂಟನ್ನು ಕಂಡರು, ಅರಬರು ಆಸರೆಯನ್ನು ಕಂಡರು. ಎರಡೂ ಬೇಕಾದವೇ.

ಮರುಭೂಮಿಯ ಜನಕ್ಕೆ ಈ ಆಸರೆ ಅಲಂಕಾರದ ಮಾತಾಗಿರಲಿಲ್ಲ. ರಸ್ತೆಗಳೂ ಗಡಿಕಂಬಗಳೂ ಇಲ್ಲದ ಕಾಲದಲ್ಲಿ ಪ್ರತಿಯೊಂದು ಬುಡಕಟ್ಟಿಗೂ ತನ್ನದೆಂಬ ಮೇವಿನ ನೆಲ, ತನ್ನವೆಂಬ ಬಾವಿಗಳಿದ್ದವು. ಹೊರಗಿನವನು ಆ ನೆಲವನ್ನು ಹಾಯಬೇಕಾದರೆ ಆ ಬುಡಕಟ್ಟಿನವನೊಬ್ಬನನ್ನು ಜೊತೆಗೆ ಕರೆದುಕೊಳ್ಳಬೇಕಿತ್ತು. ಅವನಿಗೆ ರಫೀಕ್ ಎಂದೇ ಹೆಸರು. ಅವನ ಕೈಯಲ್ಲಿ ದೊಡ್ಡ ಆಯುಧವಿರಬೇಕೆಂದೇನೂ ಇರಲಿಲ್ಲ. ‘ಇವನು ನನ್ನ ಜೊತೆಯವನು’ ಎಂಬ ಅವನ ಒಂದು ಮಾತೇ ರಕ್ಷೆ. ಆ ಮಾತನ್ನು ಮೀರಿ ಪ್ರಯಾಣಿಕನನ್ನು ದೋಚಿದರೆ ಅಪಮಾನ ಪ್ರಯಾಣಿಕನಿಗಲ್ಲ, ರಫೀಕನಿಗೆ, ಅವನ ಕುಲಕ್ಕೆ. 1913ರ ಕೊನೆಯಲ್ಲಿ ದಮಾಸ್ಕಸ್ಸಿನಿಂದ ಹೊರಟು ಮರುವರ್ಷ ಹಾಯಿಲ್ ಪಟ್ಟಣವನ್ನು ತಲುಪಿದ ಇಂಗ್ಲಿಷ್ ಮಹಿಳೆ ಗರ್ಟ್ರೂಡ್ ಬೆಲ್ ಹೀಗೆ ಬುಡಕಟ್ಟಿಗೊಬ್ಬ ರಫೀಕನನ್ನು ಹಿಡಿದೇ ಮರಳುದಾರಿ ಸವೆಸಿದರು. ಅವನಿಗೆ ಹಣ ಕೊಡುತ್ತಿದ್ದುದು ನಿಜ. ಆದರೆ ಹಣ ಪಡೆದವನೆಂದು ಅವನನ್ನು ಯಾರೂ ಕೀಳಾಗಿ ಕಾಣುತ್ತಿರಲಿಲ್ಲ. ಪ್ರಾಣ ಅವನ ಮಾತಿನ ಮೇಲೆ ನಿಂತಿರುವಾಗ ಕೀಳಾಗಿ ಕಾಣುವುದೆಂತು? ದಾರಿ ಹಿಡಿಯುವ ಮೊದಲು ಜೊತೆಗಾರನನ್ನು ಹಿಡಿ ಎಂಬ ಗಾದೆ ಅರಬರಲ್ಲಿ ಇಂದಿಗೂ ಬಳಕೆಯಲ್ಲಿದೆ.

ಕಡಲಲ್ಲಿಯೂ ಹೀಗೆಯೇ. ಬುರ್ಗಾನಿನಲ್ಲಿ ಎಣ್ಣೆ ಸಿಕ್ಕಿದ್ದು 1938ರಲ್ಲಿ. ಅದು ಹಡಗೇರಿ ಹೊರದೇಶಕ್ಕೆ ಹೊರಟದ್ದು 1946ರಲ್ಲಿ. ಅದಕ್ಕೂ ಮೊದಲು ಕುವೈತಿನವರು ಬದುಕಿದ್ದು ಮುತ್ತು ಮತ್ತು ಹಡಗು ವ್ಯಾಪಾರದಿಂದ. ಮುತ್ತಿಗಾಗಿ ಮುಳುಗುವವನ ಜೊತೆಗೆ ದೋಣಿಯ ಅಂಚಿನಲ್ಲಿ ಹಗ್ಗ ಹಿಡಿದು ಒಬ್ಬ ನಿಂತಿರುತ್ತಿದ್ದ. ಅವನನ್ನು ‘ಸೇಬ್’ ಎನ್ನುತ್ತಿದ್ದರು. ಕೆಳಗಿನಿಂದ ಹಗ್ಗ ಜಗ್ಗಿದ ಕೂಡಲೇ ಮೇಲೆಳೆದುಕೊಳ್ಳುವುದು ಅವನ ಕೆಲಸ. ಅವನ ಗಮನ ಒಂದು ಕ್ಷಣ ತಪ್ಪಿದರೆ ಮುಳುಗಿದವನು ಮೇಲೆ ಬರುವಂತಿಲ್ಲ. ಲಾಭದಲ್ಲಿ ಅವನಿಗೆ ಮುಳುಗುವವನಿಗಿಂತ ಕಡಿಮೆ ಪಾಲು, ಆದರೆ ಪಾಲು ಉಂಟೇ ಉಂಟು. ಜೊತೆಗಾರನಿಲ್ಲದೆ ನೆಲವನ್ನೂ ದಾಟಲಾಗದು, ನೀರನ್ನೂ ದಾಟಲಾಗದು ಎಂದು ಬಲ್ಲ ಜನ ಇವರು. ಇಂಥವರ ಬಾಯಲ್ಲಿ ರಫೀಕ್ ಎಂಬ ಮಾತು ಇಷ್ಟು ಅಗ್ಗವಾದದ್ದು ಹೇಗೆ?

ಇಲ್ಲಿ ಒಂದು ಸ್ವಾರಸ್ಯವಿದೆ. ಕುವೈತಿಗಳು ತಮ್ಮ ಮನೆಮಾತಿನಲ್ಲಿ ಆ ಗಂಟಲಿನ ಕಕಾರವನ್ನು ಹಾಗೆಯೇ ಉಳಿಸಿಕೊಂಡಿಲ್ಲ. ಅದು ಹಲವೆಡೆ ಗಕಾರವಾಗುತ್ತದೆ, ಕೆಲವೆಡೆ ಜಕಾರವಾಗುತ್ತದೆ. ಸಾಕ್ಷಿಗೆ ದೂರ ಹೋಗಬೇಕಾಗಿಲ್ಲ. ಎಗೈಲಾದ ರಸ್ತೆಫಲಕವನ್ನು ಅರಬ್ಬೀಯಲ್ಲಿ ಓದಿ ನೋಡಿ, ಬರೆದಿರುವುದು ಆ ಕಕಾರವೇ. ಬಾಯಲ್ಲಿ ‘ಗೈ’ ಆಗಿದೆ. ಪಕ್ಕದ ಮಂಗಾಫ್, ರಿಗ್ಗಾ ಇವುಗಳ ಕಥೆಯೂ ಅದೇ. ಜಕಾರಕ್ಕೆ ಸಾಕ್ಷಿ ನಮ್ಮ ಸಾವಿರಾರು ಜನ ವಾಸವಾಗಿರುವ ಜಲೀಬ್. ಗ್ರಂಥದ ಭಾಷೆಯಲ್ಲಿ ಅದು ‘ಕಲೀಬ್’, ಎಂದರೆ ಬಾವಿ. ಜಲೀಬ್ ಅಲ್ ಶುಯೂಖ್ ಎಂದರೆ ಶೇಖರ ಬಾವಿ. ನಮ್ಮಲ್ಲಿ ‘ಪಾಲು’ ‘ಹಾಲಾ’ದಂತೆ, ಹಳಗನ್ನಡದ ‘ಕೆಳೆಯ’ ಈಗ ‘ಗೆಳೆಯ’ನಾದಂತೆ ಇದು ಎಂದುಕೊಳ್ಳಿ. ನಾಲಿಗೆಯಲ್ಲಿ ಹೆಚ್ಚು ಓಡಾಡಿದ ಶಬ್ದ ಹೆಚ್ಚು ನುಣುಪಾಗುತ್ತದೆ.

ಈ ನಿಯಮದ ಪ್ರಕಾರ ‘ರಫೀಕ್’ ಎಂಬುದು ಕುವೈತಿಯ ಬಾಯಲ್ಲಿ ‘ರಿಫೀಜ್’ ಆಗಬೇಕು. ಆಗಿಯೂ ಇದೆ. ಕುವೈತಿಯೊಬ್ಬ ತನ್ನ ಬಾಲ್ಯದ ಗೆಳೆಯನನ್ನು ಪರಿಚಯಿಸುವಾಗ ‘ಇವನು ನನ್ನ ರಿಫೀಜ್’ ಎನ್ನುತ್ತಾನೆ. ಮೇಲೆ ಹೇಳಿದ ಗಾದೆಯಲ್ಲಿಯೂ ಅವನು ಹೇಳುವುದು ರಿಫೀಜ್ ಎಂದೇ. ನಮ್ಮನ್ನು ಕರೆಯುವಾಗ ಮಾತ್ರ ‘ರಫೀಕ್’! ಒಂದೇ ಶಬ್ದ ಎರಡಾಗಿ ಸೀಳಿಹೋಗಿದೆ. ಮನೆಯೊಳಗೆ ನುಣುಪಾದ ರೂಪ ಗೆಳೆಯನಿಗೆ, ಬಾಗಿಲ ಹೊರಗೆ ಒರಟು ರೂಪ ಆಳಿಗೆ. ನಮ್ಮ ಊಟದೆಲೆಯ ಚರ್ಚೆಗೆ ಉತ್ತರ ಇದರಲ್ಲೇ ಇದೆ. ನಿಘಂಟಿನ ಅರ್ಥ ಜೊತೆಗಾರನೆಂದೇ ಆದರೂ, ಬೀದಿಯಲ್ಲಿ ನಮ್ಮನ್ನು ಕೂಗುವವರು ಜೊತೆಗಾರನನ್ನು ಕೂಗುತ್ತಿಲ್ಲ.

ಹಾಗೆಂದು ಇದು ಬೈಗುಳವೂ ಅಲ್ಲ. ಕೊಲ್ಲಿಯ ನಾಡುಗಳಿಗೆ ಹತ್ತಾರು ಭಾಷೆಯ ಜನ ಒಟ್ಟಿಗೆ ಬಂದಾಗ, ವ್ಯಾಕರಣವನ್ನೆಲ್ಲ ಕಳಚಿಟ್ಟ ಒಂದು ಅರೆ ಅರಬ್ಬೀ ಹುಟ್ಟಿಕೊಂಡಿತು. ‘ಫುಲೂಸ್ ಮಾಫಿ’, ‘ಸೇಮ್ ಸೇಮ್’ ಎಂಬಂಥ ಆ ಮಾತಿನ ಬಗ್ಗೆ ಜೆ. ಆರ್. ಸ್ಮಾರ್ಟ್ ಎಂಬ ವಿದ್ವಾಂಸರು 1990ರಲ್ಲೇ ಒಂದು ಮೊದಲ ವರದಿ ಬರೆದಿದ್ದಾರೆ. ಆ ಭಾಷೆಗೆ ಎರಡೂ ಕಡೆಯವರಿಗೆ ತಿಳಿಯುವ ಶಬ್ದಗಳು ಬೇಕಾಗಿದ್ದವು. ನೆಟ್ಟಗೆ ಹೋಗು ಎನ್ನಲು ಹಿಂದಿಯ ‘ಸೀದಾ’ ಕುವೈತಿ ಮಾತಿನೊಳಗೆ ಸೇರಿರುವುದನ್ನು ಟ್ಯಾಕ್ಸಿ ಹತ್ತಿದವರೆಲ್ಲ ಬಲ್ಲರು. ಕನ್ನಡದಲ್ಲಿಯೂ ಸೀದಾ ಎಂದೇ ಹೇಳುತ್ತೇವಲ್ಲ! ಹಾಗೆಯೇ ಉರ್ದು ಬಲ್ಲವರಿಗೆ ರಫೀಕ್ ಎಂಬ ಶಬ್ದ ಪರಿಚಿತ, ಹೆಸರಾಗಿಯೂ ಪರಿಚಿತ. ಎರಡು ಕಡೆಗೂ ಒಗ್ಗುವ ಸಂಬೋಧನೆಯಾಗಿ ಅದು ನಿಂತುಬಿಟ್ಟಿತು. ಪ್ರಾಯಶಃ ಮೊದಮೊದಲು ಅದರಲ್ಲಿ ಸೌಜನ್ಯವೂ ಇದ್ದಿರಬೇಕು. ಬರಬರುತ್ತ ‘ಹೆಸರು ಕೇಳುವ ಅಗತ್ಯವಿಲ್ಲದವನು’ ಎಂಬ ಅರ್ಥ ಅದಕ್ಕೆ ಅಂಟಿಕೊಂಡಿತು.

ಇದನ್ನು ಓದಿ ಅರಬರ ಮೇಲೆ ಮುನಿಯುವ ಮೊದಲು ನಮ್ಮ ಭಾಷೆಯ ಕಡೆಗೂ ಒಮ್ಮೆ ತಿರುಗಿ ನೋಡಬೇಕು. ಹಳಗನ್ನಡದಲ್ಲಿ ‘ಆಳ್’ ಎಂದರೆ ಕಾದಾಡುವ ಭಟ. ಯುದ್ಧದಲ್ಲಿ ಒಡೆಯನ ಮಗ್ಗುಲಲ್ಲಿ ನಿಲ್ಲುವವನು. ಇಂದು ‘ಆಳು’ ಎಂದರೆ ಕೂಲಿಗೆ ಸಿಗುವವನು. ‘ನಾಳೆ ನಾಲ್ಕಾಳು ಬೇಕು’ ಎಂದು ಲೆಕ್ಕ ಹಾಕುವ ವಸ್ತು. ‘ಮಾಣಿ’ ಎಂಬುದನ್ನೇ ತೆಗೆದುಕೊಳ್ಳಿ. ಸಂಸ್ಕೃತದ ಮಾಣವಕ, ಎಂದರೆ ವಿದ್ಯೆ ಕಲಿಯುವ ಹುಡುಗ, ಕನ್ನಡಕ್ಕೆ ಬಂದು ಮಾಣಿಯಾದ. ಕರಾವಳಿಯ ಮನೆಗಳಲ್ಲಿ ಇಂದಿಗೂ ಅದು ಮುದ್ದಿನ ಮಾತು. ಆದರೆ ಅದೇ ಮಾಣಿ ಘಟ್ಟ ಹತ್ತಿ, ಮುಂಬಯಿಗೂ ಹೋಗಿ, ಹೋಟೆಲಿನಲ್ಲಿ ಲೋಟ ಎತ್ತುವವನಾದ. ನಾಲ್ಕು ಮೇಜುಗಳಿಂದ ‘ಮಾಣೀ’ ಎಂದು ಕೂಗುವವರಲ್ಲಿ ಅವನ ಹೆಸರು ಬಲ್ಲವರು ಎಷ್ಟು ಮಂದಿ? ಕರೆಯುವವರ ಅವಸರಕ್ಕೆ ಸಿಕ್ಕ ಶಬ್ದ ಎಲ್ಲಿದ್ದರೂ ಹೀಗೆಯೇ ಸವೆಯುತ್ತದೆ.

ಇನ್ನೊಂದು ತೆರನ ಸವೆತವೂ ಉಂಟು. ಇರಾಕಿನ ಬಾತ್ ಪಕ್ಷದವರು ಒಬ್ಬರನ್ನೊಬ್ಬರು ‘ರಫೀಕ್’ ಎಂದೇ ಕರೆಯುತ್ತಿದ್ದರು. ಅಲ್ಲಿ ಅದಕ್ಕೆ ‘ಕಾಮ್ರೇಡ್’ ಎಂಬ ಅರ್ಥ. 1990ರ ಆಗಸ್ಟ್ 2ರಂದು ಆ ರಫೀಕರ ಸೇನೆಯೇ ಈ ದೇಶವನ್ನು ನುಂಗಿತು. ಅದೇ ತಿಂಗಳು ಇಲ್ಲಿದ್ದ ಭಾರತೀಯರು ಗುಂಪುಗುಂಪಾಗಿ ಬಸ್ಸು, ಲಾರಿ, ಕಾರುಗಳಲ್ಲಿ ಇರಾಕನ್ನು ಹಾದು ಜೋರ್ಡಾನಿನ ಕಡೆಗೆ ಹೊರಟರು. ಏರ್ ಇಂಡಿಯಾ ಸುಮಾರು ಎರಡು ತಿಂಗಳಲ್ಲಿ 488 ಹಾರಾಟ ನಡೆಸಿ ಒಂದು ಲಕ್ಷಕ್ಕೂ ಮಿಕ್ಕ ಭಾರತೀಯರನ್ನು ತಾಯ್ನಾಡಿಗೆ ಮುಟ್ಟಿಸಿತು. ಆದರೆ ಅಮ್ಮಾನಿನವರೆಗೆ ಮುಟ್ಟಿಸಿದ್ದು ವಿಮಾನವಲ್ಲ, ಜೊತೆಗಿದ್ದವರು. ನೀರಿನ ಕ್ಯಾನು ಹಂಚಿಕೊಂಡವರು, ಗಡಿಯ ಡೇರೆಯಲ್ಲಿ ಮಗು ಎತ್ತಿಕೊಂಡವರು, ಭಾಷೆ ಬಲ್ಲದವರ ಪರವಾಗಿ ತಪಾಸಣೆಯವರ ಬಳಿ ಮಾತಾಡಿದವರು. ಆ ದಾರಿಯಲ್ಲಿ ರಫೀಕ್ ಎಂಬ ಶಬ್ದಕ್ಕೆ ಅದರ ಹಳೆಯ ಅರ್ಥ ಮರಳಿ ಬಂದಿತ್ತು. ಅರ್ಥ ಅಳಿಯುವುದಿಲ್ಲ, ಅಡಗಿಕೊಂಡಿರುತ್ತದೆ. ಕಷ್ಟಕಾಲಕ್ಕೆ ಎದ್ದು ಬರುತ್ತದೆ.

ಇಷ್ಟು ಹೇಳಿದ ಮೇಲೆ ಬಂಟನ ವಿಷಯಕ್ಕೆ ಬರಬೇಕು. ಶಬ್ದಗಳು ಬೀಳುವುದಷ್ಟೇ ಅಲ್ಲ, ಏಳುವುದೂ ಉಂಟು ಎಂಬುದಕ್ಕೆ ಕನ್ನಡದಲ್ಲಿರುವ ಸೊಗಸಾದ ನಿದರ್ಶನ ಅದು. ಸಂಸ್ಕೃತದಲ್ಲಿ ‘ಭೃತ’ ಎಂದರೆ ಸಂಬಳಕ್ಕೆ ಇಟ್ಟುಕೊಂಡವನು. ಅದು ಪ್ರಾಕೃತದ ಬಾಯಲ್ಲಿ ಸವೆದು ‘ಭಟ’ವಾಯಿತು; ಸಂಬಳದ ಸೈನಿಕ ಎಂಬ ಅರ್ಥದಲ್ಲಿ ಅದೇ ರೂಪ ಸಂಸ್ಕೃತಕ್ಕೂ ಹಿಂದಿರುಗಿತು. ಭಟ ಕನ್ನಡಕ್ಕೆ ಬಂದು ‘ಬಂಟ’ನಾದ. ಎಂದರೆ ಮೂಲತಃ ಅವನು ಬಾಡಿಗೆಯವನು, ಇಂದಿನ ಭಾಷೆಯಲ್ಲಿ ಗುತ್ತಿಗೆ ಕೆಲಸದವನು; ವೀಸಾ ಇಲ್ಲ ಅಷ್ಟೆ. ಆದರೆ ಕನ್ನಡದಲ್ಲಿ ಬಂಟನೆಂದರೆ ನೆನಪಾಗುವುದು ಯಾರು? ರಾಮನ ಬಂಟ ಹನುಮಂತ. ಎಳೆಯ ಮಕ್ಕಳಿಗೂ ಗೊತ್ತು. ಸಂಬಳದವನ ಹೆಸರು ಏರುತ್ತ ಏರುತ್ತ ದೇವರ ಬಗಲಲ್ಲಿ ನಿಲ್ಲುವವನ ಹೆಸರಾಯಿತು. ನಂಬಿಕಸ್ಥ, ಕೈಬಿಡದವನು, ಧೀರ ಎಂಬ ಅರ್ಥಗಳೆಲ್ಲ ಅದಕ್ಕೆ ಸೇರಿಕೊಂಡವು. ಒಂದು ಇಡೀ ಸಮುದಾಯ ಹೆಮ್ಮೆಯಿಂದ ಹೊತ್ತ ಹೆಸರೂ ಅದೇ ಆಯಿತು.

ರಫೀಕ್ ಜೊತೆಗಾರನಾಗಿ ಹುಟ್ಟಿ ಕೂಲಿಯವನಾದ. ಬಂಟ ಕೂಲಿಯವನಾಗಿ ಹುಟ್ಟಿ ಜೊತೆಗಾರನಾದ. ಎರಡೂ ಶಬ್ದಗಳಲ್ಲಿ ಸಂಬಳ ಇದೆ, ಎರಡರಲ್ಲಿಯೂ ಸೇವೆ ಇದೆ. ವ್ಯತ್ಯಾಸವೆಲ್ಲ ನಡೆಸಿಕೊಂಡ ರೀತಿಯಲ್ಲಿ. ಬಂಟನಿಗೆ ಹೆಸರಿತ್ತು. ಅವನು ಯಾರ ಬಂಟ, ಎಲ್ಲಿ ನಿಂತ, ಯಾರಿಗಾಗಿ ಕಾದಿ ಬಿದ್ದ ಎಂಬುದನ್ನು ನಮ್ಮ ಹಳ್ಳಿಗಳವರು ವೀರಗಲ್ಲು ನಿಲ್ಲಿಸಿ ನೆನಪಿಟ್ಟುಕೊಂಡರು. ಬೀದಿಯ ರಫೀಕನಿಗೆ ಹೆಸರಿಲ್ಲ. ಹೆಸರು ಕೇಳದಿರುವುದಕ್ಕೆ ಅನುಕೂಲವೆಂದೇ ಆ ಶಬ್ದ ಬಳಕೆಯಾಗುತ್ತಿದೆ.

ಸಹಾಯಕ್ಕೆ ನಿಲ್ಲುವವನು ಕಿರಿಯನೆಂಬ ಭಾವನೆಯನ್ನು ನಮ್ಮ ಶಾಸ್ತ್ರ ಒಪ್ಪುವುದಿಲ್ಲ ಎಂಬುದನ್ನೂ ಇಲ್ಲಿ ಹೇಳಬಹುದು. ಕುವೈತಿನ ಕಚ್ಚಾ ಎಣ್ಣೆಯಲ್ಲಿ ತೂಕದ ಲೆಕ್ಕದಲ್ಲಿ ನೂರಕ್ಕೆ ಸುಮಾರು ಎರಡೂವರೆ ಪಾಲು ಗಂಧಕವಿರುತ್ತದೆ. ಎಗೈಲಾಕ್ಕೆ ದಕ್ಷಿಣದಲ್ಲಿರುವ ಮೀನಾ ಅಹ್ಮದಿ, ಮೀನಾ ಅಬ್ದುಲ್ಲಾ ಸಂಸ್ಕರಣಾಗಾರಗಳಲ್ಲಿ ಜಲಜನಕವನ್ನು ಹಾಯಿಸಿ ಈ ಗಂಧಕವನ್ನು ತೆಗೆಯುತ್ತಾರೆ. ಅದಕ್ಕೆ ಬೇಕಾದ ವೇಗವರ್ಧಕದಲ್ಲಿ ಮುಖ್ಯ ಕೆಲಸಗಾರ ಮೊಲಿಬ್ಡಿನಮ್ ಎಂಬ ಲೋಹ. ಅದರ ಪದರಗಳ ಅಂಚಿನಲ್ಲಿ ಸ್ವಲ್ಪವೇ ಕೋಬಾಲ್ಟ್ ಕುಳಿತಿರುತ್ತದೆ. ಕೋಬಾಲ್ಟ್ ಒಂದನ್ನೇ ಇಟ್ಟರೆ ಹೇಳಿಕೊಳ್ಳುವಂಥ ಕೆಲಸವಾಗದು. ಮೊಲಿಬ್ಡಿನಮ್ ಒಂದನ್ನೇ ಇಟ್ಟರೆ ಕೆಲಸ ನಿಧಾನ. ಎರಡೂ ಕೂಡಿದರೆ ಕೆಲಸ ಹಲವು ಪಟ್ಟು. ಇಂಥ ಕೋಬಾಲ್ಟಿನಂಥದಕ್ಕೆ ಕನ್ನಡದಲ್ಲಿ ‘ಒತ್ತಾಸೆ’ ಎನ್ನಬಹುದೆಂದು ನಮ್ಮ ಸೂಚನೆ. ನಾಗಸ್ವರದ ಪಕ್ಕದಲ್ಲಿ ಒಂದೇ ಸ್ವರ ಹಿಡಿದು ಕುಳಿತ ‘ಒತ್ತಿ’ನವನನ್ನು ನೆನೆಸಿಕೊಳ್ಳಿ. ಅವನು ಉಸಿರು ಬಿಟ್ಟರೆ ವಿದ್ವಾಂಸರ ಶ್ರುತಿ ಎಲ್ಲಿ ನಿಂತೀತು? ಇನ್ನೊಂದು ಮಾತು. ಆ ವೇಗವರ್ಧಕವನ್ನು ನಮ್ಮ ಕ್ಷೇತ್ರದವರೆಲ್ಲ ಕರೆಯುವುದು ‘ಕೋಮೋ’ ಎಂದು. ಒತ್ತಾಸೆಯ ಹೆಸರು ಮೊದಲು, ಮುಖ್ಯ ಲೋಹದ್ದು ಆಮೇಲೆ!

ನಮ್ಮ ‘ಒಡನಾಡಿ’ಯಲ್ಲಿಯೂ ಇಂಥದೇ ಅರ್ಥವಿದೆ. ಒಡನ್ ಎಂದರೆ ಕೂಡ, ಜೊತೆಗೆ. ಒಡನೆ ಆಡುವವನು, ಎಂದರೆ ಜೊತೆಯಲ್ಲಿ ಓಡಾಡುವವನು ಒಡನಾಡಿ. ಒಡನೆ ಹುಟ್ಟಿದವರು ಒಡಹುಟ್ಟಿದವರು. ಇಂದು ‘ಒಡನೆ’ ಎಂದರೆ ಕೂಡಲೇ ಎಂದೂ ಅರ್ಥ. ಕರೆದ ಕೂಡಲೇ ಬರುವವನೇ ಅಲ್ಲವೆ ಒಡನಾಡಿ? ನಮ್ಮನ್ನೆಲ್ಲ ಕಡಲಾಚೆ ಎಳೆದು ತಂದ ಕಾಗದಕ್ಕೆ ಕನ್ನಡದಲ್ಲಿ ಏನೆನ್ನುತ್ತೇವೆ? ‘ಒಡಂಬಡಿಕೆ’. ಅದರ ತಲೆಯಲ್ಲಿಯೂ ಇರುವುದು ಇದೇ ‘ಒಡಂ’. ಕೂಡಿ ಒಪ್ಪುವುದು ಒಡಂಬಡುವುದು. ಇಂಗ್ಲಿಷಿನ ‘ಕಂಪನಿ’, ‘ಕಂಪ್ಯಾನಿಯನ್’ ಎರಡೂ ಲ್ಯಾಟಿನ್ನಿನಲ್ಲಿ ರೊಟ್ಟಿಯನ್ನು ಕೂಡಿ ಉಣ್ಣುವವರು ಎಂಬ ಮೂಲದಿಂದ ಬಂದವು. ಕಂಪನಿ ರೂಮು, ಕಂಪನಿ ಬಸ್ಸು ಎನ್ನುತ್ತ ದಿನ ಕಳೆಯುವ ನಮಗೆ ಇದು ನೆನಪಿರುವುದಿಲ್ಲ. ಒಡನಾಟವಿಲ್ಲದ ಒಡಂಬಡಿಕೆ, ರೊಟ್ಟಿ ಹಂಚದ ಕಂಪನಿ, ಆಸರೆಯಾಗದ ರಫೀಕ್ – ಮೂರೂ ಒಂದೇ ಬಗೆಯ ಟೊಳ್ಳು.

ಇದು ಬರಿಯ ಶಬ್ದಚರ್ಚೆ ಎಂದು ಯಾರಾದರೂ ಅಂದರೆ 2024ರ ಜೂನ್ 12ನ್ನು ನೆನಪಿಸಬೇಕಾಗುತ್ತದೆ. ಅಂದು ಬೆಳಗಿನ ಜಾವ ನಮಗೆ ಹತ್ತಿರದ ಮಂಗಾಫಿನಲ್ಲಿ ಕಾರ್ಮಿಕರು ವಾಸವಾಗಿದ್ದ ಕಟ್ಟಡವೊಂದಕ್ಕೆ ಬೆಂಕಿ ಬಿದ್ದು 50 ಮಂದಿ ಸತ್ತರು. ಅವರಲ್ಲಿ ಬಹುಪಾಲು ಭಾರತೀಯರು, ಕರ್ನಾಟಕದವರೊಬ್ಬರೂ ಇದ್ದರು. ಯಾರು ಯಾರೆಂದು ಗುರುತಿಸಲು ಡಿಎನ್‌ಎ ಪರೀಕ್ಷೆಯ ಮೊರೆ ಹೋಗಬೇಕಾಯಿತು. ಅಂದಿನ ಪಟ್ಟಿಯಲ್ಲಿ ರಫೀಕ್ ಎಂದು ಬರೆದರೆ ನಡೆಯುತ್ತಿರಲಿಲ್ಲ. ಒಬ್ಬೊಬ್ಬನಿಗೂ ಹೆಸರು ಬೇಕಾಯಿತು, ಊರು ಬೇಕಾಯಿತು, ತಂದೆಯ ಹೆಸರು ಬೇಕಾಯಿತು. ಬದುಕಿದ್ದಾಗ ದಿನಕ್ಕೆ ಹತ್ತು ಸಲ ರಫೀಕ್ ಎಂದು ಕರೆಸಿಕೊಂಡವರನ್ನು ಅವರವರ ಹೆಸರಿನಿಂದ ಕರೆಯಲು ಊರಿಗೆ ಊರೇ ಕೂಡಿದ್ದು ಶವಪೆಟ್ಟಿಗೆ ಬಂದಾಗ. ಹೆಸರು ಕೇಳಲು ಅಷ್ಟು ಹೊತ್ತು ಕಾಯಬೇಕಾಗಿತ್ತೆ?

ಕುವೈತಿಗಳ ನಾಲಿಗೆಯನ್ನು ತಿದ್ದಲು ನಮ್ಮಿಂದಾಗದು, ಅದು ನಮ್ಮ ಕೆಲಸವೂ ಅಲ್ಲ. ಆದರೆ ರಫೀಕ್ ಎಂದು ಕೂಗುವವರಲ್ಲಿ ಕುವೈತಿಗಳಷ್ಟೇ ಇಲ್ಲ. ನಮ್ಮವರೂ ಇದ್ದೇವೆ. ಕಟ್ಟಡದ ಹಾರಿಸ್, ಬಕಾಲಾದ ಹುಡುಗ, ಕಾರು ತೊಳೆಯುವವನು, ಲಿಫ್ಟಿಲ್ಲದ ಮೂರನೆಯ ಮಹಡಿಗೆ ಗ್ಯಾಸ್ ಸಿಲಿಂಡರು ಹೊತ್ತು ತರುವವನು – ಇವರಿಗೆಲ್ಲ ನಾವು ಇಟ್ಟಿರುವ ಹೆಸರೂ ಅದೇ. ನಮಗೆ ನೋವಾಗುವ ಶಬ್ದವನ್ನು ನಮಗಿಂತ ಒಂದು ಮೆಟ್ಟಿಲು ಕೆಳಗೆ ದಾಟಿಸಿ ಕೈತೊಳೆದುಕೊಂಡರೆ ನ್ಯಾಯವಾದೀತೆ?

ಆದ್ದರಿಂದ ಓದುಗ ಮಿತ್ರರಲ್ಲಿ ನಮ್ಮ ಅರಿಕೆ ಇಷ್ಟೆ. ‘ಶಿನು ಇಸ್ಮಿಕ್?’ – ‘ನಿನ್ನ ಹೆಸರೇನು?’ ಎಂಬ ಎರಡು ಶಬ್ದಗಳ ಅರಬ್ಬೀ ವಾಕ್ಯವನ್ನು ಎಲ್ಲರೂ ಕಲಿಯೋಣ, ಮಕ್ಕಳಿಗೂ ಕಲಿಸೋಣ. ಕಲಿತದ್ದನ್ನು ಈ ವಾರವೇ ಬಳಸೋಣ. ಕೇಳಿದ ಹೆಸರನ್ನು ಮುಂದಿನ ವಾರ ನೆನಪಿಟ್ಟುಕೊಂಡು ಕರೆಯೋಣ. ಅರಬ್ಬೀ ಬಾರದವರು ಅವರವರ ಭಾಷೆಯಲ್ಲಿಯೇ ಕೇಳಬಹುದು. ಹೆಸರು ತಿಳಿದ ಮೇಲೆ ಬೇಕಾದರೆ ರಫೀಕ್ ಎಂದೂ ಕರೆಯಿರಿ. ಆಗ ಆ ಶಬ್ದಕ್ಕೆ ಮೊಣಕೈಯ ಆಸರೆ, ಮರಳುದಾರಿಯ ನಂಬಿಕೆ ಎರಡೂ ತಾವಾಗಿಯೇ ಮರಳುತ್ತವೆ. ಕೂಲಿಯವನೊಬ್ಬನನ್ನು ಬಂಟನ ಎತ್ತರಕ್ಕೆ ಏರಿಸಿದ ಭಾಷೆ ನಮ್ಮದು. ರಫೀಕನನ್ನೂ ಒಂದೆರಡು ಮೆಟ್ಟಿಲು ಮೇಲಕ್ಕೆ ಕರೆತರುವುದು ಅದಕ್ಕೆ ಭಾರವೇನಲ್ಲ.